ಮಗುವಿನ ಡೈಪರ್ ಕಸವನ್ನು ಖರ್ಚಿಲ್ಲದೆ ಸರಿಯಾಗಿ ವಿಲೇವಾರಿ ಮಾಡುವುದು ಹೇಗೆ? ಹಾಸನದ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಎರಡನೇ ಮಗುವಿಗೆ ಆಗ ಏಳು ತಿಂಗಳು. ರಾತ್ರಿ ಗೇಟಿನ ಹೊರಗೆ ಇಟ್ಟಿದ್ದ ಕಸದ ಚೀಲವನ್ನು ನಾಯಿಗಳು ಎಳೆದಾಡಿದ್ದವು. ಬೆಳಿಗ್ಗೆ ನೋಡಿದರೆ ನಾಲ್ಕೈದು ಡೈಪರ್ ರಸ್ತೆಯಲ್ಲಿ ಬಿಚ್ಚಿಕೊಂಡು ಬಿದ್ದಿವೆ. ನಾನು ಪೊರಕೆ, ಮೊರ ಹುಡುಕಿ ತರುವಷ್ಟರಲ್ಲಿ ಕಸದ ಗಾಡಿಯ ಅಕ್ಕ ಬರಿಗೈಯಲ್ಲೇ ಅವನ್ನೆಲ್ಲ ಎತ್ತಿ ಹಾಕುತ್ತಿದ್ದರು. ನನಗೆ ಅಲ್ಲೇ ಕಣ್ಣು ತುಂಬಿ ಬಂತು. "ಬಿಡಮ್ಮ, ನಮಗೆ ದಿನಾ ಇದೇ. ಪೇಪರಲ್ಲಿ ಸುತ್ತಿ ಬೇರೆ ಕೊಟ್ರೆ ಕೈಗೆ ಮೆತ್ತಲ್ಲ, ಅಷ್ಟೆ" ಅಂದರು.

ಅವತ್ತಿನಿಂದ ನಮ್ಮ ಮನೆಯ ಪದ್ಧತಿ ಬದಲಾಯಿತು. ಆಮೇಲೆ ಬೀದಿಯ ಬಾಣಂತಿ ಮನೆಗಳಿಂದ, ಸಕಲೇಶಪುರದ ಕಡೆ ಇರುವ ನನ್ನ ತವರಿನ ನೆಂಟರಿಂದ ಪ್ರಶ್ನೆಗಳು ಬರುತ್ತಲೇ ಇವೆ. ಅವಕ್ಕೆ ಉತ್ತರ ಇಲ್ಲಿದೆ.

ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ ಯಾವುದು?

ಹಳೇ ನ್ಯೂಸ್ ಪೇಪರ್, ಮುಚ್ಚಳ ಇರುವ ಒಂದು ಹಳೇ ಡಬ್ಬ, ಒಂದು ಕೆಂಪು ಪೆನ್ನು. ಇಷ್ಟು ಸಾಕು. ಇದರಲ್ಲಿ ಯಾವುದನ್ನೂ ಹೊಸದಾಗಿ ಕೊಳ್ಳಬೇಕಾಗಿಲ್ಲ.

ಮಾಡುವ ರೀತಿ ಹೀಗೆ. ಡೈಪರ್ ಬಿಚ್ಚಿದ ತಕ್ಷಣ ಒಳಗೆ ಕಕ್ಕ ಇದ್ದರೆ ಟಾಯ್ಲೆಟ್‌ಗೆ ಉದುರಿಸಿ. ಅಂಟಿಕೊಂಡಿದ್ದರೆ ಒಂದು ಚೂರು ಪೇಪರಿನಿಂದ ತೆಗೆಯಿರಿ, ಆ ಚೂರನ್ನು ಡೈಪರ್ ಒಳಗೇ ಇಡಿ. ನಲ್ಲಿ ಕೆಳಗೆ ಹಿಡಿದು ತೊಳೆಯಬೇಡಿ. ಡೈಪರ್ ಒಳಗಿನ ಪುಡಿ ನೀರು ಕುಡಿದು ಉಬ್ಬಿ ಎರಡರಷ್ಟು ಭಾರ ಆಗುತ್ತದೆ.

ಆಮೇಲೆ ಮುಂಭಾಗದಿಂದ ಹಿಂದಕ್ಕೆ ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ. ಅದರದೇ ಅಂಟು ಪಟ್ಟಿಯಿಂದ ಭದ್ರ ಮಾಡಿ. ಪ್ಯಾಂಟ್ ತರಹದ್ದಾದರೆ ಎರಡೂ ಪಕ್ಕ ಹರಿದು ತೆಗೆಯಿರಿ. ಅಂಥ ಎಷ್ಟೋ ಡೈಪರ್‌ಗಳ ಹಿಂಭಾಗದಲ್ಲಿ ಸುತ್ತಿ ಅಂಟಿಸುವುದಕ್ಕೇ ಅಂತ ಒಂದು ಪಟ್ಟಿ ಕೊಟ್ಟಿರುತ್ತಾರೆ. ತುಂಬ ಜನ ಅದನ್ನು ಗಮನಿಸಿಯೇ ಇರುವುದಿಲ್ಲ. ಸುತ್ತಿದ್ದನ್ನು ಅರ್ಧ ಹಾಳೆ ಪೇಪರಿನ ಮೂಲೆಯಲ್ಲಿಟ್ಟು, ಎರಡೂ ಬದಿ ಒಳಗೆ ಮಡಚಿ, ಉರುಳಿಸಿಕೊಂಡು ಹೋಗಿ. ಅಂಗಡಿಯಲ್ಲಿ ಬೆಲ್ಲ ಕಟ್ಟಿಕೊಡುತ್ತಿದ್ದ ಹಾಗೆ ಒಂದು ಗಟ್ಟಿ ಪೊಟ್ಟಣ ಆಗುತ್ತದೆ. ದಾರ ಬೇಕೆನಿಸಿದರೆ ಹೂವಿನ ಜೊತೆ ಬಂದ ಬಾಳೆ ನಾರು ಇದೆಯಲ್ಲ, ಅದೇ ಸಾಕು.

ದಿನದ ಪೊಟ್ಟಣಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ, ಮೇಲೆ ದೊಡ್ಡದಾಗಿ ಕೆಂಪು ಗುರುತು ಹಾಕಿ. ಪುಣೆಯಲ್ಲಿ ಕಸ ಆಯುವ ಹೆಂಗಸರೇ ಇಂಥ ಕೆಂಪು ಚುಕ್ಕಿಗಾಗಿ ಜನರನ್ನು ಕೇಳಿಕೊಂಡರು. ಒಳಗೆ ಏನಿದೆ ಅಂತ ಬಿಚ್ಚಿ ನೋಡುವ ಕೆಲಸ ಅವರಿಗೆ ತಪ್ಪಲಿ ಅನ್ನುವುದೇ ಅದರ ಉದ್ದೇಶ.

ಬರೀ ಹಾಲು ಕುಡಿಯುವ ಮಗುವಿನ ಕಕ್ಕ ಅಲ್ವಾ? ಅದನ್ನೂ ಟಾಯ್ಲೆಟ್‌ಗೇ ಹಾಕಬೇಕಾ?

ಹೌದು, ಹಾಕಬೇಕು. ಮಗುವಿನ ಕಕ್ಕ ಶುದ್ಧ, ಅದರಿಂದ ಏನೂ ಆಗಲ್ಲ ಅನ್ನುವ ಮಾತು ನಮ್ಮ ಅಜ್ಜಿಯರ ಕಾಲದಿಂದಲೂ ಇದೆ. ಅದು ನಿಜ ಅಲ್ಲ. ಭೇದಿ ತರುವ ರೋಗಾಣುಗಳು ಚಿಕ್ಕ ಮಕ್ಕಳ ಮಲದಲ್ಲೂ ಇರುತ್ತವೆ. ರೋಟಾವೈರಸ್ ಹರಡುವುದು ಮುಖ್ಯವಾಗಿ ಹಾಗೆಯೇ. ಟಾಯ್ಲೆಟ್‌ಗೆ ಹಾಕಿದರೆ ಮಲ ಗುಂಡಿ ಸೇರುತ್ತದೆ. ಡೈಪರ್ ಜೊತೆ ಬಿಟ್ಟರೆ ಕಸದ ರಾಶಿ, ನೊಣ, ನಾಯಿ, ಮನುಷ್ಯರ ಕೈ ಎಲ್ಲ ಸುತ್ತಿ ಬರುತ್ತದೆ. ಇನ್ನೊಂದು ಲಾಭ, ಕಕ್ಕ ತೆಗೆದ ಡೈಪರ್ ಅರ್ಧಕ್ಕರ್ಧ ಕಡಿಮೆ ನಾರುತ್ತದೆ.

ಕೊನೆಗೆ ಸೋಪು ಹಾಕಿ ಕೈ ತೊಳೆಯುವುದನ್ನು ಮರೆಯಬೇಡಿ. ಮಗುವನ್ನು ಎತ್ತಿಕೊಂಡಿದ್ದ ದೊಡ್ಡ ಮಕ್ಕಳ ಕೈ ಕೂಡ.

ಡೈಪರನ್ನೇ ಕಮೋಡಿಗೆ ಹಾಕಿ ಫ್ಲಶ್ ಮಾಡಿದರೆ?

ಖಂಡಿತ ಬೇಡ. ಒಳಗೆ ಹೋಗಿ ಉಬ್ಬಿ ಪೈಪು ಕಟ್ಟಿಕೊಳ್ಳುತ್ತದೆ. ಆಮೇಲೆ ಪ್ಲಂಬರಿಗೆ ಕೊಡುವ ದುಡ್ಡಲ್ಲಿ ತಿಂಗಳ ಡೈಪರ್ ಬರುತ್ತಿತ್ತು. ಹಳ್ಳಿಯ ಗುಂಡಿ ಕಕ್ಕಸಿಗೂ ಬೇಡ. ಪ್ಲಾಸ್ಟಿಕ್ ಕರಗುವುದಿಲ್ಲ, ಗುಂಡಿ ಬೇಗ ತುಂಬುತ್ತದೆ, ತೆಗೆಸುವಾಗ ಇನ್ನೊಬ್ಬರಿಗೆ ನರಕ.

ಹಸಿ ಕಸಕ್ಕೆ ಹಾಕಬೇಕಾ, ಒಣ ಕಸಕ್ಕಾ?

ಹಸಿ ಕಸಕ್ಕಂತೂ ಅಲ್ಲವೇ ಅಲ್ಲ. ಹಸಿ ಕಸ ಗೊಬ್ಬರ ಆಗುತ್ತದೆ, ಡೈಪರ್ ಆಗುವುದಿಲ್ಲ. ಒಂದು ಡೈಪರ್ ಬಿದ್ದರೆ ಆ ಬುಟ್ಟಿಯ ಗೊಬ್ಬರವೇ ಕೆಡುತ್ತದೆ.

2016ರ ಘನತ್ಯಾಜ್ಯ ನಿಯಮಗಳಲ್ಲಿ ಡೈಪರ್ ಮತ್ತು ಪ್ಯಾಡ್‌ಗಳನ್ನು ಸ್ಯಾನಿಟರಿ ಕಸ ಅಂತ ಕರೆದರು. ಚೆನ್ನಾಗಿ ಸುತ್ತಿ ಒಣ ಕಸದ ಡಬ್ಬಕ್ಕೆ ಕೊಡಿ ಅಂತ ಅದರಲ್ಲಿತ್ತು. 2026ರ ಹೊಸ ನಿಯಮಗಳು ಇನ್ನೂ ಸ್ಪಷ್ಟವಾಗಿವೆ. ಹಸಿ, ಒಣ, ಸ್ಯಾನಿಟರಿ, ಮತ್ತೆ ಹಳೇ ಔಷಧಿ, ಬಲ್ಬಿನಂಥ ವಿಶೇಷ ಕಸ ಅಂತ ನಾಲ್ಕು ಭಾಗ ಮಾಡಬೇಕು. ಅಂದರೆ ಡೈಪರ್‌ಗೆ ಅದರದೇ ಚೀಲ. 2016ರ ನಿಯಮದಲ್ಲೇ ಇನ್ನೊಂದು ಮಾತಿತ್ತು. ಬಳಸಿದ್ದನ್ನು ಸುತ್ತಿ ಹಾಕಲು ಕಂಪನಿಗಳೇ ಪ್ಯಾಕೆಟ್ ಜೊತೆ ಸಣ್ಣ ಚೀಲ ಕೊಡಬೇಕು ಅಂತ. ನಾನು ಕೊಂಡ ಡೈಪರ್ ಪ್ಯಾಕೆಟ್‌ಗಳಲ್ಲಿ ಅದು ಸಿಕ್ಕಿಲ್ಲ. ಅಂಗಡಿಯಲ್ಲಿ ಕೇಳಿ. ಕೇಳುವವರು ಜಾಸ್ತಿಯಾದರೆ ಕೊಡುತ್ತಾರೆ.

ಕಪ್ಪು ಕವರ್ ತಂದುಕೊಳ್ಳಲಾ?

ಸುಮ್ನೆ ಖರ್ಚು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2016ರಲ್ಲೇ ನಿಷೇಧ ಬಂದಿದೆ. ಮನೆಗೆ ಹೇಗೂ ಬಂದಿರುವ ಕವರ್‌ಗಳನ್ನೇ ಬಳಸಿ. ಬ್ರೆಡ್ಡಿನ ಕವರ್, ರವೆ, ಅವಲಕ್ಕಿಯ ಪ್ಯಾಕೆಟ್, ಡೈಪರ್ ಬಂದ ದೊಡ್ಡ ಪ್ಯಾಕೆಟ್. ಈ ಕೊನೆಯದು ಬಹಳ ಒಳ್ಳೆಯದು, ಎರಡು ದಿನದ ಪೊಟ್ಟಣ ಹಿಡಿಸುತ್ತದೆ. ನಂದಿನಿ ಹಾಲಿನ ಪ್ಯಾಕೆಟ್ ಮಾತ್ರ ಇದಕ್ಕೆ ಬೇಡ. ತೊಳೆದು ಒಣಗಿಸಿದರೆ ಅದನ್ನು ಗುಜರಿಯವರು ತಗೊಳ್ಳುತ್ತಾರೆ.

ಕವರ್‌ಗಳನ್ನು ಅಂಬೆಗಾಲಿಡುವ ಮಗುವಿನ ಕೈಗೆ ಸಿಗದ ಹಾಗೆ ಇಡಿ. ಮುಖಕ್ಕೆ ಎಳೆದುಕೊಂಡರೆ ಉಸಿರು ಕಟ್ಟುತ್ತದೆ.

ಡೈಪರ್ ಹಾಕಲು ಅಂತಲೇ ಬರುವ ಡಬ್ಬ ಕೊಳ್ಳಬೇಕಾ? ವಾಸನೆಗೆ ಏನು ಮಾಡೋದು?

ಡಬ್ಬ ಬೇಡ. ಒಮ್ಮೆ ಕೊಂಡರೆ ಮುಗಿಯುವುದಿಲ್ಲ, ಅದರೊಳಗಿನ ಚೀಲದ ಸುರುಳಿಯನ್ನೂ ಕೊಳ್ಳುತ್ತಲೇ ಇರಬೇಕು. ಮನೆಗೆ ಸುಣ್ಣ ಬಣ್ಣ ಮಾಡಿಸಿದ ಮೇಲೆ ಉಳಿದ ಪೇಂಟ್ ಬಕೆಟ್ ಇರುತ್ತದಲ್ಲ, ಅದರ ಮುಚ್ಚಳ ಎಷ್ಟು ಬಿಗಿ ಅಂದರೆ ತೆಗೆಯಲು ಸ್ಪೂನ್ ಬೇಕು. ಅದಕ್ಕಿಂತ ಒಳ್ಳೆಯ ಡೈಪರ್ ಡಬ್ಬ ಇಲ್ಲ. ತಳಕ್ಕೆ ಎರಡು ಮಡಿಕೆ ಪೇಪರ್ ಹಾಸಿ, ಮೇಲೆ ಎರಡು ಚಮಚ ಅಡುಗೆ ಸೋಡಾ ಉದುರಿಸಿ. ಒಲೆ ಇರುವ ಮನೆಯಾದರೆ ಒಂದು ಹಿಡಿ ಒಣ ಬೂದಿ ತೇವ ಹೀರಿಕೊಳ್ಳುತ್ತದೆ. ಪೇಪರ್ ದಿನಾ ಬದಲಾಯಿಸಿ. ವಾರಕ್ಕೊಮ್ಮೆ ಡಬ್ಬ ತೊಳೆದು ಬಿಸಿಲಿಗೆ ಕವುಚಿ ಹಾಕಿ. ಬಿಸಿಲಿಗಿಂತ ಅಗ್ಗದ ಔಷಧಿ ಯಾವುದಿದೆ?

ಒಂದು ಎಚ್ಚರಿಕೆ. ವಾಸನೆಗೆ ಅಂತ ಡೈಪರ್ ಮೇಲೆ ಬ್ಲೀಚಿಂಗ್ ಪೌಡರ್ ಸುರಿಯಬೇಡಿ. ಉಚ್ಚೆ ಹಳತಾದಂತೆ ಅಮೋನಿಯಾ ಬರುತ್ತದೆ. ಮೂಗಿಗೆ ಬಡಿಯುವ ವಾಸನೆ ಅದರದೇ. ಬ್ಲೀಚಿಂಗ್ ಪೌಡರ್ ಅದರ ಜೊತೆ ಸೇರಿದರೆ ಕಣ್ಣು, ಎದೆ ಉರಿಸುವ ಗಾಳಿ ಹುಟ್ಟುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಸೇರಿದರೆ ಕ್ಲೋರಿನ್ ಬರುತ್ತದೆ. ಬಾಣಂತಿ, ಹಸುಗೂಸು ಇರುವ ಮನೆಯಲ್ಲಿ ಈ ಅಪಾಯ ಯಾಕೆ?

ಬಚ್ಚಲ ಒಲೆಗೆ ಹಾಕಿ ಸುಟ್ಟುಬಿಟ್ಟರೆ ಮುಗೀತಲ್ಲ?

ಈ ಪ್ರಶ್ನೆ ತೋಟದ ಕಡೆಯಿಂದ ಬಂದಷ್ಟು ಬೇರೆಲ್ಲಿಂದಲೂ ಬಂದಿಲ್ಲ. ನನ್ನ ತವರಿನಲ್ಲೂ ಹಂಡೆ ಒಲೆಗೆ ಹೋಗದ ಕಸ ಇರಲಿಲ್ಲ. ಕಾಫಿ ಗಿಡದ ಒಣಕಡ್ಡಿ, ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಎಲ್ಲ ಅಲ್ಲಿಗೇ. ಆದರೆ ಡೈಪರ್ ಬಟ್ಟೆಯ ತರಹ ಕಂಡರೂ ಅದು ಬಟ್ಟೆ ಅಲ್ಲ. ಮೈಗೆ ತಾಗುವ ಪದರ ಪಾಲಿಪ್ರೊಪಿಲೀನ್, ಹೊರಗಿನ ಪದರ ಪಾಲಿಥೀನ್. ಎರಡೂ ಪ್ಲಾಸ್ಟಿಕ್ಕೇ. ನಡುವೆ ಮರದ ತಿರುಳಿನಿಂದ ಮಾಡಿದ ಹತ್ತಿಯಂಥ ನಾರು, ಅದರೊಳಗೆ ಸೋಡಿಯಂ ಪಾಲಿಅಕ್ರಿಲೇಟ್ ಅನ್ನುವ ಪುಡಿ. ಉಚ್ಚೆ ಕುಡಿದು ಜೆಲ್ ಆಗುವುದು ಈ ಪುಡಿ.

ನೀರು ತುಂಬಿದ ಇಂಥ ಮುದ್ದೆ ಒಲೆಯಲ್ಲಿ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಅರೆಬೆಂದ ಪ್ಲಾಸ್ಟಿಕ್ ಹೊಗೆ ಅದು, ಬರುವುದು ಮಗುವಿಗೆ ಎಣ್ಣೆ ಸ್ನಾನ ಮಾಡಿಸುವ ಅದೇ ಬಚ್ಚಲಿಗೆ. ಆಸ್ಪತ್ರೆಯ ಕಸ ಸುಡುವ ಯಂತ್ರಗಳಲ್ಲಿ ಮೊದಲ ಕೋಣೆ 800 ಡಿಗ್ರಿ ಸೆಲ್ಸಿಯಸ್, ಹೊಗೆ ಸುಡುವ ಎರಡನೇ ಕೋಣೆ 1050 ಡಿಗ್ರಿಯ ಆಸುಪಾಸಿನಲ್ಲಿರಬೇಕು ಅಂತ ನಿಯಮ ಇದೆ. ಹೊಗೆಯನ್ನೂ ಇನ್ನೊಮ್ಮೆ ಸುಡುತ್ತಾರೆ ಅಂದಮೇಲೆ ಅದರಲ್ಲಿ ಎಂಥ ವಿಷ ಇರಬಹುದು ಯೋಚಿಸಿ. ಇನ್ನು ಬೂದಿ. ನಾವು ಅದನ್ನೇ ತಾನೇ ಸೊಪ್ಪಿನ ಮಡಿಗೆ ಹಾಕುವುದು?

ಬಯಲಲ್ಲಿ ಸುಡುವುದೂ ತಪ್ಪು. 2016ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ಹೇಳಿದೆ.

ಡೈಪರ್ ಸುಟ್ಟರೆ ಮಗುವಿನ ಕುಂಡಿಗೆ ಉರಿ ಬರುತ್ತೆ ಅಂತ ನಮ್ಮತ್ತೆ ಹೇಳುತ್ತಾರೆ. ನಿಜಾನಾ?

ಸಂಬಂಧ ಇಲ್ಲ. ಮಗುವಿಗೆ ಗಂದೆ, ಉರಿ ಬರುವುದು ಒದ್ದೆ ಡೈಪರ್ ತುಂಬ ಹೊತ್ತು ಮೈಮೇಲೆ ಇದ್ದರೆ. ಆದರೆ ಅತ್ತೆಯ ಜೊತೆ ವಾದಕ್ಕೆ ಇಳಿಯಬೇಡಿ. ಸುಡಬಾರದು ಅನ್ನುವುದು ಸರಿಯೇ ಇದೆ, ಕಾರಣ ಬೇರೆ ಅಷ್ಟೆ. ಹೆದರಿಕೆಯಿಂದ ಹೊಳೆಗೆ ಎಸೆಯುವವರೂ ಇದ್ದಾರೆ. ದಯವಿಟ್ಟು ಅದು ಮಾತ್ರ ಬೇಡ. ಯಗಚಿ ಗೊರೂರಿನ ಹತ್ತಿರ ಹೇಮಾವತಿಗೆ ಸೇರುತ್ತದೆ, ಹೇಮಾವತಿ ಕಾವೇರಿಗೆ. ಬೇಲೂರಿನ ಸೇತುವೆ ಮೇಲಿಂದ ಬಿದ್ದದ್ದು ಕೆಳಗಿನ ಎಷ್ಟೋ ಊರುಗಳ ಕುಡಿಯುವ ನೀರಲ್ಲಿ ಇರುತ್ತದೆ.

ತೋಟದ ಮೂಲೆಯಲ್ಲಿ ಗುಂಡಿ ತೆಗೆದು ಹೂತರೆ?

ಜಾಗ ಇದ್ದವರಿಗೆ ಇದು ಬಹಳ ಸುಲಭ ಅನಿಸುತ್ತದೆ. ನಾನೂ ಮೊದಲ ಮಗುವಿನ ಬಾಣಂತನದಲ್ಲಿ ತವರಿನಲ್ಲಿ ಹಾಗೇ ಮಾಡಿಸಿದ್ದೆ. ಎರಡು ವರ್ಷದ ಮೇಲೆ ಅಪ್ಪ ಅದೇ ಜಾಗದಲ್ಲಿ ಮೆಣಸಿನ ಬಳ್ಳಿ ನೆಡಲು ಗುಂಡಿ ತೆಗೆಸಿದರು. ಒಳಗಿನ ನಾರು ಕರಗಿತ್ತು. ಪ್ಲಾಸ್ಟಿಕ್ ಹಾಳೆ, ಸೊಂಟದ ಎಲಾಸ್ಟಿಕ್, ಅದರ ಮೇಲಿದ್ದ ಆನೆಮರಿ ಚಿತ್ರ ಹಾಗೇ ಇದ್ದವು. ನನ್ನ ಮಗ ಆಗ ನಡೆಯುತ್ತಿದ್ದ, ಮಾತಾಡುತ್ತಿದ್ದ. ಅವನು ಹುಟ್ಟಿದ ವಾರದ ಡೈಪರಿನ ಪ್ಲಾಸ್ಟಿಕ್ ಮಾತ್ರ ಇದ್ದಂತೆಯೇ ಇತ್ತು.

ಮಲೆನಾಡಿನ ಮಳೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ನೀರು ಕುಡಿದು ತುಂಬಿರುತ್ತದೆ. ಗುಂಡಿಯ ಕೊಳಕು ಬಾವಿಗೆ, ಕೆರೆಗೆ ಇಳಿಯಲು ಹೊತ್ತು ಬೇಕಿಲ್ಲ. ಕಾಡುಹಂದಿ, ನಾಯಿ ಅಗೆದು ತೆಗೆಯುವುದೂ ಇದೆ. ಪಂಚಾಯಿತಿಯ ಗಾಡಿ ಬರುವ ಊರಾದರೆ ಹೂಳಲೇಬೇಡಿ.

ನಮ್ಮ ಹಳ್ಳಿಗೆ ಕಸದ ಗಾಡಿ ವಾರಕ್ಕೊಂದು ಸಲ ಬರುತ್ತೆ. ಅಲ್ಲಿವರೆಗೆ ಎಲ್ಲಿ ಇಡೋದು?

ಮೇಲೆ ಹೇಳಿದ ಪೇಂಟ್ ಬಕೆಟ್ಟೇ ಎರಡು ಇಟ್ಟುಕೊಳ್ಳಿ. ಒಂದು ದಿನದ ಬಳಕೆಗೆ, ಇನ್ನೊಂದು ಕೂಡಿಡಲು. ಎರಡನೆಯದನ್ನು ಮನೆಯ ಹೊರಗೆ, ಮಳೆ ಬೀಳದ ಕಡೆ, ಕೊಟ್ಟಿಗೆಯಿಂದ ದೂರ ಇಡಿ. ಹಸು ಮೂಸಿ ತಿಂದರೆ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಕಟ್ಟಿಕೊಳ್ಳುತ್ತದೆ. ಮುಚ್ಚಳದ ಮೇಲೊಂದು ಕಲ್ಲು. ಕಕ್ಕ ತೆಗೆದು, ಪೇಪರ್ ಸುತ್ತಿದ ಡೈಪರ್ ಹೀಗೆ ಒಂದು ವಾರ ಇಟ್ಟರೂ ಪಕ್ಕದ ಮನೆಯವರಿಗೆ ತೊಂದರೆ ಆಗುವುದಿಲ್ಲ.

ಗ್ರಾಮ ಪಂಚಾಯಿತಿಗಳಿಗೆ ಈಗ ಸ್ವಚ್ಛ ವಾಹಿನಿ ಗಾಡಿಗಳಿವೆ. ಎಷ್ಟೋ ಕಡೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಓಡಿಸುತ್ತಾರೆ. ಕಸ ಹೋಗುವುದು ಸ್ವಚ್ಛ ಸಂಕೀರ್ಣ ಅಂತ ಕರೆಯುವ ಘಟಕಕ್ಕೆ. ನಿಮ್ಮ ಎಸ್ಟೇಟಿನ ರಸ್ತೆಗೆ ಗಾಡಿ ಬರುತ್ತಿಲ್ಲವಾದರೆ ಪಿಡಿಒ ಅವರಿಗೆ ಒಂದು ಅರ್ಜಿ ಕೊಡಿ. ಲೈನ್ ಮನೆಗಳ, ಅಂದರೆ ಎಸ್ಟೇಟಿನ ಕೆಲಸಗಾರರ ಸಾಲುಮನೆಗಳ ತಾಯಂದಿರನ್ನೂ ಜೊತೆಗೆ ಸೇರಿಸಿಕೊಳ್ಳಿ. ಅವರೂ ಈಗ ಡೈಪರ್ ಬಳಸುತ್ತಾರೆ, ಬಿಸಾಡಲು ಅವರಿಗೆ ಇನ್ನೂ ಕಡಿಮೆ ಜಾಗ ಇದೆ.

ಡೈಪರ್ ಒಳಗಿನ ಜೆಲ್ ಹೂವಿನ ಕುಂಡಕ್ಕೆ ಹಾಕಿದರೆ ನೀರು ಹಿಡಿದಿಡುತ್ತೆ ಅಂತ ವಿಡಿಯೊ ಬರುತ್ತಲ್ಲ?

ಬಳಸಿದ ಡೈಪರಿನದು ಬೇಡ. ಅದರಲ್ಲಿ ಸೋಡಿಯಂ ಇರುತ್ತದೆ, ಉಚ್ಚೆಯ ಉಪ್ಪೂ ಸೇರಿರುತ್ತದೆ, ಮಣ್ಣು ಉಪ್ಪಾಗುತ್ತದೆ. ಬೇಸಾಯಕ್ಕೆ ಅಂತ ಬರುವ ಜೆಲ್ಲೇ ಬೇರೆ.

ಡೈಪರ್ ಖರ್ಚೇ ಕಡಿಮೆ ಮಾಡಬೇಕು. ಬಟ್ಟೆಗೆ ವಾಪಸ್ ಹೋಗಬಹುದಾ?

ಪೂರ್ತಿ ಹೋಗಬೇಕಿಲ್ಲ, ಅರ್ಧ ಹೋದರೂ ಸಾಕು. ಲೆಕ್ಕ ನೋಡಿ. ದಿನಕ್ಕೆ 5 ಡೈಪರ್ ಅಂದರೆ ವರ್ಷಕ್ಕೆ 1,825. ಒಂದಕ್ಕೆ ಹತ್ತು ರೂಪಾಯಿ ಅಂತ ಹಿಡಿದರೆ 18,250 ರೂಪಾಯಿ. ಹಗಲು ಲಂಗೋಟಿ, ರಾತ್ರಿಗೆ ಒಂದೇ ಡೈಪರ್ ಅಂತ ಮಾಡಿದರೆ 365 ಡೈಪರ್, 3,650 ರೂಪಾಯಿ. ಉಳಿದ 1,460 ಡೈಪರ್ ನಿಮ್ಮ ಮನೆಯಿಂದ ಯಾರ ಕೈಗೂ ಹೋಗುವುದಿಲ್ಲ. ವಿಲೇವಾರಿಗೆ ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ.

ಹಳೇ ಪಂಚೆ, ಮೆತ್ತಗಾದ ಹತ್ತಿ ಸೀರೆ ಹರಿದು ಹದಿನೈದು ಇಪ್ಪತ್ತು ಲಂಗೋಟಿ ಮಾಡಿಟ್ಟುಕೊಳ್ಳಿ. ಕಕ್ಕ ಇದ್ದದ್ದನ್ನು ಮೊದಲು ತಣ್ಣೀರಲ್ಲಿ ಜಾಲಿಸಿ, ಆ ನೀರನ್ನು ಟಾಯ್ಲೆಟ್‌ಗೇ ಸುರಿಯಿರಿ. ಆಮೇಲೆ ಸೋಪು, ಬಿಸಿನೀರು. ನೆನೆಸಿಟ್ಟ ಬಕೆಟ್ಟಿಗೆ ಮುಚ್ಚಳ ಇರಲಿ. ಬಕೆಟ್ಟಿನ ಸ್ವಲ್ಪ ನೀರಲ್ಲೂ ಪುಟ್ಟ ಮಗು ತಲೆಕೆಳಗಾಗಿ ಮುಳುಗಬಹುದು.

ನಮ್ಮ ಕಡೆಯ ನಿಜವಾದ ಕಷ್ಟ ಮಳೆಗಾಲ. ಬಿಸಿಲೇ ಕಾಣದ ವಾರಗಳಲ್ಲಿ ಲಂಗೋಟಿ ಒಣಗುವುದಿಲ್ಲ, ಮುಗ್ಗಲು ವಾಸನೆ ಬರುತ್ತದೆ. ನಮ್ಮಮ್ಮ ಅಗ್ಗಿಷ್ಟಿಕೆಯ ಮೇಲೆ ಬಿದಿರಿನ ಬುಟ್ಟಿ ಕವುಚಿ ಅದರ ಮೇಲೆ ಒಣಗಿಸುತ್ತಿದ್ದರು. ನೀವೂ ಹಾಗೆ ಮಾಡುವುದಾದರೆ ಬಾಗಿಲು, ಕಿಟಕಿ ತೆರೆದಿಡಿ, ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ. ಮುಚ್ಚಿದ ಕೋಣೆಯ ಕೆಂಡ ಪ್ರಾಣಕ್ಕೇ ಅಪಾಯ. ಅಷ್ಟು ಆಗದಿದ್ದರೆ ಜುಲೈ, ಆಗಸ್ಟ್ ಎರಡು ತಿಂಗಳು ಡೈಪರ್ ಜಾಸ್ತಿ ಬಳಸಿ, ಉಳಿದ ತಿಂಗಳು ಬಟ್ಟೆ. ಇದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದು ಏನೂ ಇಲ್ಲ. ಬಾಣಂತಿಗೆ ನಿದ್ದೆಯೂ ಬೇಕು.

ಇನ್ನೊಂದು ಹಳೇ ಅಭ್ಯಾಸವನ್ನು ನಾವು ಬಿಟ್ಟುಬಿಟ್ಟಿದ್ದೇವೆ. ಅಜ್ಜಿಯರು ಕಾಲು ಚಾಚಿ, ಎರಡು ಪಾದದ ನಡುವೆ ಮಗುವನ್ನು ಕೂರಿಸಿ "ಉಸ್ಸ್" ಅಂತ ಸದ್ದು ಮಾಡಿ ಕಕ್ಕ, ಉಚ್ಚೆ ಮಾಡಿಸುತ್ತಿದ್ದರಲ್ಲ, ಅದು. ಮಗುವಿನ ಕತ್ತು ನಿಂತ ಮೇಲೆ, ಎದ್ದ ತಕ್ಷಣ ಮತ್ತು ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಹೀಗೆ ಮಾಡಿಸಿ ನೋಡಿ. ನನ್ನ ಮಗಳಿಗೆ ಒಂಬತ್ತು ತಿಂಗಳಾಗುವಷ್ಟರಲ್ಲಿ ಕಕ್ಕದ ಡೈಪರ್ ವಾರಕ್ಕೆ ಒಂದೋ ಎರಡೋ ಇರುತ್ತಿತ್ತು.

ಬಿದಿರಿನ ಡೈಪರ್, ಮಣ್ಣಲ್ಲಿ ಕರಗುವ ಡೈಪರ್ ಅಂತ ಬರುತ್ತವಲ್ಲ?

ದುಬಾರಿ. ಒಂದು ಪದರ ಬಿದಿರಿನದಾದರೂ ಒಳಗಿನ ಪುಡಿ, ಎಲಾಸ್ಟಿಕ್ ಎಷ್ಟೋ ಸಲ ಮಾಮೂಲಿಯದೇ. ಕೊಂಡರೂ ಸುತ್ತಿ ಬೇರೆ ಕೊಡುವುದು ತಪ್ಪುವುದಿಲ್ಲ.

ವೈಪ್ಸ್?

ಹೆಚ್ಚಿನವುಗಳಲ್ಲಿ ಪ್ಲಾಸ್ಟಿಕ್ ಎಳೆ ಇರುತ್ತದೆ. ಫ್ಲಶ್ ಮಾಡಬೇಡಿ, ಡೈಪರ್ ಒಳಗೇ ಇಟ್ಟು ಸುತ್ತಿ. ಮನೆಯಲ್ಲಿದ್ದಾಗ ಉಗುರುಬೆಚ್ಚಗಿನ ನೀರು ಮತ್ತು ಬಟ್ಟೆ ಇದ್ದರೆ ವೈಪ್ಸ್ ಯಾಕೆ ಬೇಕು?

ಮಗು ಕರಕೊಂಡು ಪ್ರವಾಸ ಹೋದಾಗ?

ಕಾರಿನಲ್ಲಿ ಹತ್ತು ಅರ್ಧ ಹಾಳೆ ಪೇಪರ್, ಒಂದು ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಇಟ್ಟುಕೊಳ್ಳಿ. ಅಲ್ಲಿಂದ ಮನೆಗೇ ವಾಪಸ್ ತನ್ನಿ. ಶಿರಾಡಿ ಘಾಟಿಯ ತಿರುವಿನಲ್ಲಿ, ಮುಳ್ಳಯ್ಯನಗಿರಿಯ ದಾರಿಯಲ್ಲಿ ಕಿಟಕಿಯಿಂದ ಬಿದ್ದ ಡೈಪರ್ ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಆ ಇಳಿಜಾರಿಗೆ ಇಳಿದು ಯಾರು ತೆಗೆಯಬೇಕು?

ಮನೆಯಲ್ಲಿ ವಯಸ್ಸಾದವರು ಇದ್ದಾರೆ. ದೊಡ್ಡವರ ಡೈಪರ್‌ಗೂ ಇದೇ ರೀತಿನಾ?

ರೀತಿ ಅದೇ, ಅಳತೆ ದೊಡ್ಡದು. ಒಂದು ಡೈಪರ್‌ಗೆ ಪೂರ್ತಿ ಎರಡು ಹಾಳೆ ಪೇಪರ್ ಬೇಕು. ಚೀಲಕ್ಕೆ ಮೂರು ನಾಲ್ಕಕ್ಕಿಂತ ಜಾಸ್ತಿ ತುಂಬಬೇಡಿ, ಎತ್ತುವಾಗ ಹರಿಯುತ್ತದೆ. ನೋಡಿಕೊಳ್ಳುವವರು ಕೈಗವಸು ಹಾಕಿಕೊಳ್ಳಲಿ. ಹಗಲಲ್ಲಿ ಬೆಡ್‌ಪ್ಯಾನ್, ರಬ್ಬರ್ ಶೀಟಿನ ಮೇಲೆ ಹಳೇ ಸೀರೆ ಮಡಿಸಿ ಹಾಸಿದರೆ ಎಷ್ಟೋ ಡೈಪರ್ ಉಳಿಯುತ್ತದೆ, ಹಿರಿಯರ ಚರ್ಮಕ್ಕೂ ಗಾಳಿ ಸಿಗುತ್ತದೆ. ಅವರಿಗೆ ಇದರಿಂದ ಎಷ್ಟು ಸಂಕೋಚ ಆಗುತ್ತದೆ ಅನ್ನುವುದು ನೆನಪಿರಲಿ. ಪೊಟ್ಟಣ ಕಟ್ಟುವ ಕೆಲಸವನ್ನು ಅವರ ಕಣ್ಣೆದುರು ಮಾಡಬೇಡಿ.

ಗಾಡಿಯಲ್ಲಿ ಎಲ್ಲ ಕಸ ಒಟ್ಟಿಗೇ ಸುರಿದುಕೊಳ್ಳುತ್ತಾರೆ. ನಾವು ಬೇರೆ ಮಾಡಿ ಏನು ಪ್ರಯೋಜನ?

ಪ್ರಯೋಜನ ಇದೆ. ಒಟ್ಟಿಗೆ ಸುರಿದ ರಾಶಿಯಿಂದ ಬಾಟಲಿ, ರಟ್ಟು ಆರಿಸಲು ಮತ್ತೆ ಒಬ್ಬರು ಕೈ ಹಾಕುತ್ತಾರೆ. ಅಲ್ಲಿ ನಿಮ್ಮ ಪೊಟ್ಟಣ ಬಿಚ್ಚಿಕೊಳ್ಳದೆ ಇದ್ದರೆ, ಕೆಂಪು ಗುರುತು ಕಂಡರೆ, ಅವರು ಅದನ್ನು ಹಾಗೇ ಪಕ್ಕಕ್ಕಿಡುತ್ತಾರೆ.

ನಮ್ಮ ಬೀದಿಯಲ್ಲೂ ಮೊದಲು ಹಾಗೇ ಸುರಿಯುತ್ತಿದ್ದರು. ಮಗು ಇರುವ ಆರು ಮನೆಯವರು ಮಾತಾಡಿಕೊಂಡು ಒಂದು ಖಾಲಿ ಅಕ್ಕಿ ಚೀಲಕ್ಕೆ ಕೆಂಪು ಬಟ್ಟೆ ಹೊಲಿದು ಗಾಡಿಯ ಅಕ್ಕನಿಗೆ ಕೊಟ್ಟೆವು. "ಕೊಕ್ಕೆ ಇದೆ ಬಿಡಮ್ಮ, ಇಲ್ಲೇ ನೇತು ಹಾಕ್ತೀನಿ" ಅಂದರು. ಈಗ ಅಕ್ಕಿ ಮೂಟೆ ಮುಗಿದ ಮನೆಯವರು ಚೀಲ ಕೊಡುತ್ತಾರೆ, ನಾನು ಕೆಂಪು ಬಟ್ಟೆ ಹೊಲಿದುಕೊಡುತ್ತೇನೆ. ಚೀಲ ಒಂದು ತಿಂಗಳು ಬಾಳುತ್ತದೆ.